ಸೇಬಿನ ಬೆಟ್ಟಕ್ಕೆ ಸರ್ಕಾರದ ದುಡ್ಡಲ್ಲಿ ನೀರು ಬೇಕೇ?

ಪರ: ಬೇಕು, ಈಗಲೇ ಬೇಕು

ಆಗಸ್ಟ್ ಬಂತೆಂದರೆ ನಮ್ಮ ಬೀದಿಯ ತಳ್ಳುಗಾಡಿಗಳಲ್ಲಿ ಶಿಮ್ಲಾ ಸೇಬು ಕಾಣಿಸುತ್ತದೆ. ಅದು ಬೆಳೆಯುವ ಹಿಮಾಚಲದ ತೋಟಗಳಲ್ಲಿ ಹೆಚ್ಚಿನವು ಇವತ್ತಿಗೂ ಮಳೆಯಾಶ್ರಿತ. ಚಳಿಗಾಲದ ಹಿಮವೇ ಅಲ್ಲಿನ ಕೆರೆ. ಅದು ನಿಧಾನಕ್ಕೆ ಕರಗಿ, ಮಣ್ಣಿಗಿಳಿದು, ಬೇಸಿಗೆಯವರೆಗೂ ಬೇರಿಗೆ ತೇವ ಕೊಡುತ್ತಿತ್ತು. ಈಗ ಆ ಹಿಮವನ್ನು ನಂಬುವ ಹಾಗಿಲ್ಲ. 2024ರ ಜನವರಿ ಹೆಚ್ಚುಕಡಿಮೆ ಒಣಗಿಕೊಂಡೇ ಕಳೆಯಿತು.

ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ನೀರೇ. ಮೇ, ಜೂನ್‌ನಲ್ಲಿ ಕಾಯಿ ದಪ್ಪವಾಗುವಾಗ ತೇವ ಸಿಗದಿದ್ದರೆ ಹಣ್ಣು ಸಣ್ಣದಾಗೇ ಉಳಿಯುತ್ತದೆ. ಹಣ್ಣಿನ ಮಂಡಿಯಲ್ಲಿ ಬೆಲೆ ಕಟ್ಟುವುದು ಗಾತ್ರ, ಬಣ್ಣ ನೋಡಿ ಅಲ್ವಾ? ಔಷಧಿ, ಕೂಲಿ, ಪೆಟ್ಟಿಗೆ, ಲಾರಿ ಬಾಡಿಗೆ ಒಂದೂ ಕಡಿಮೆಯಾಗುವುದಿಲ್ಲ. ಕೈಗೆ ಬರುವ ದುಡ್ಡು ಮಾತ್ರ ಇಳಿಯುತ್ತದೆ. ಆ ಎರಡು ತಿಂಗಳ ಹನಿ ನೀರೇ ರೈತನ ಇಡೀ ವರ್ಷದ ಲೆಕ್ಕ ಉಳಿಸುತ್ತದೆ.

ಕೇಂದ್ರದ ಯೋಜನೆಯಲ್ಲಿ ಹನಿ ನೀರಾವರಿಗೆ ಸಣ್ಣ ರೈತರಿಗೆ ನೂರಕ್ಕೆ 55ರಷ್ಟು ಸಹಾಯಧನ ಇದೆ. ಇಳಿಜಾರಿನಲ್ಲಿ ತೊಟ್ಟಿ ಕಟ್ಟಿ ಪೈಪು ಎಳೆಯುವ ಖರ್ಚಿಗೆ ಅದು ಸಾಲದು. ಒಂದು ಹೆಕ್ಟೇರೂ ಇಲ್ಲದವನು ಉಳಿದದ್ದನ್ನು ಎಲ್ಲಿಂದ ತರಬೇಕು?

ವಿರೋಧ: ಪೈಪಿನಲ್ಲಿ ಚಳಿ ಬರುವುದಿಲ್ಲ

ಹಿಮಾಚಲದಲ್ಲಿ ಹೆಚ್ಚು ಬೆಳೆಯುವ ಡೆಲಿಷಿಯಸ್ ಎಂಬ ಸೇಬಿನ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು ಸಾವಿರ ಗಂಟೆಗೂ ಜಾಸ್ತಿ ಬೇಕು. ಅದು ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಎಷ್ಟು ನೀರು ಕೊಟ್ಟರೂ ಆ ಕೊರತೆ ತುಂಬದು. ಕುಲ್ಲು ಕಣಿವೆಯ ತಗ್ಗಿನ ರೈತರು ಇದನ್ನು ಕಂಡುಕೊಂಡು ದಾಳಿಂಬೆಗೆ ಹೋದರು. ಸೇಬು ಕಿನ್ನೌರ್, ಲಾಹೌಲ್ ಕಡೆ ಮೇಲೆ ಹತ್ತುತ್ತಿದೆ. ಬೆಳೆ ಬಿಟ್ಟು ಹೊರಟ ಎತ್ತರದಲ್ಲಿ ಪೈಪು ಹೂಳುವುದು ಸಾಲ ಹೂಳಿದ ಹಾಗೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಮಾತು. ನೀರು ಬಂದ ಕೂಡಲೇ ರೈತ, ಮರವನ್ನು ಗಿಡ್ಡವಾಗಿಡುವ ಎಂ-9 ಎಂಬ ಬೇರುಸಸಿಗೆ ಕಸಿ ಕಟ್ಟಿದ ಗಿಡಗಳನ್ನು ಒತ್ತೊತ್ತಾಗಿ ನೆಡುತ್ತಾನೆ. ಫಸಲು ಬೇಗ ಬರುತ್ತದೆ, ನಿಜ. ಆದರೆ ಅದರ ಬೇರು ಮೇಲುಮಣ್ಣಲ್ಲೇ ಇರುತ್ತದೆ. ಕೋಟ್‌ಗಢದಲ್ಲಿ ಅಮೆರಿಕದಿಂದ ಬಂದು ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ನೂರು ವರ್ಷದ ಹಿಂದೆ ಶುರು ಮಾಡಿದ ತೋಟಗಾರಿಕೆಯ ದೊಡ್ಡ ಮರಗಳು ಆಳಕ್ಕೆ ಬೇರು ಬಿಟ್ಟು ಒಂದು ಒಣ ವರ್ಷವನ್ನು ತಡೆದುಕೊಳ್ಳುತ್ತವೆ. ಹೊಸ ಗಿಡಕ್ಕೆ ಆ ತಾಳಿಕೆ ಇಲ್ಲ. ಬರಕ್ಕೆಂದು ತಂದ ನೀರು, ಬರ ಬಂದಾಗ ಇನ್ನೂ ಜಾಸ್ತಿ ನೀರು ಕೇಳುತ್ತದೆ.

ಆ ನೀರಾದರೂ ಎಲ್ಲಿಯದು? ಬೆಟ್ಟದ ಒರತೆಯದು. ಕೆಳಗಿನ ಹಳ್ಳಿ ಕುಡಿಯುವುದೂ ಅದನ್ನೇ. 2018ರ ಬೇಸಿಗೆಯಲ್ಲಿ ಶಿಮ್ಲಾ ಊರೇ ಟ್ಯಾಂಕರ್ ಮುಂದೆ ಸಾಲು ನಿಂತಿತ್ತು. ಸಟ್ಲೆಜ್‌ ನದಿಯಿಂದ ಬೆಟ್ಟಕ್ಕೆ ಎತ್ತೋಣ ಎಂದರೆ ಕರೆಂಟಿನ ಬಿಲ್ಲು ಯಾರು ಕಟ್ಟುತ್ತಾರೆ?

ಕೊಡುವ ದುಡ್ಡನ್ನು ಮೊದಲು ಮಳೆಗಾಲದ ನೀರು ಹಿಡಿಯುವ ಕೃಷಿ ಹೊಂಡಕ್ಕೆ ಕೊಡಲಿ, ಕಡಿಮೆ ಚಳಿ ಸಾಕಾಗುವ ತಳಿಗಳ ಸಸಿಗೆ ಕೊಡಲಿ. ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಲು ಸಹಾಯಧನವೂ ಬೇಡ.