ಕೋವಿ ಗೋಡೆಯ ಮೇಲೋ, ಸೊಂಟದ ಮೇಲೋ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಹತ್ತಿರದ ನಮ್ಮ ಮನೆಗೆ ಕೊಪ್ಪದಿಂದ ಚಿಕ್ಕಪ್ಪ ಬಂದಿದ್ದರು. ಪಿಸ್ತೂಲಿಗೆ ಹೊಸ ಹೋಲ್ಸ್ಟರ್, ಅಂದರೆ ಅದನ್ನು ಮೈಮೇಲೆ ಇಟ್ಟುಕೊಳ್ಳುವ ಒರೆ, ನೋಡಲು ಹೊರಟಾಗ ಅವರೂ ಜೊತೆಗೆ ಬಂದರು. ಅಂಗಡಿಯಲ್ಲಿ ಒಂದೊಂದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ, ಕುರ್ಚಿಯಲ್ಲಿ ಕೂತು, ಎದ್ದು ನೋಡುತ್ತಿದ್ದೆ. ಅಂಗಡಿಯವನು ಒಂದಿಂಚು ಮುಂದೆ, ಅರ್ಧ ಇಂಚು ಮೇಲೆ ಅಂತ ತಾಳ್ಮೆಯಿಂದ ಸರಿಮಾಡಿ ಕೊಡುತ್ತಿದ್ದ. ಚಿಕ್ಕಪ್ಪನಿಗೆ ಸಾಕಾಯಿತು. ‘ಕೋವಿ ಇರೋ ಮನೇಲಿ ಹುಟ್ಟಿದವನು ನೀನು. ಅದನ್ನ ಎಲ್ಲಿಟ್ಕೋಬೇಕು ಅಂತ ಇವರ ಹತ್ರ ಹೇಳಿಸ್ಕೋಬೇಕೇನೋ?’ ಅಂದರು.

ಆ ಮಾತು ಚುಚ್ಚಿತು. ಆದರೆ ಯೋಚನೆ ಮಾಡಿದಷ್ಟೂ ನನಗೆ ಅನಿಸುವುದು ಇದೇ: ಹೌದು, ಹೇಳಿಸಿಕೊಳ್ಳಬೇಕು.

ನಮ್ಮ ಕಡೆ ಕೋವಿಗೆ ಮರ್ಯಾದೆ ಇಲ್ಲ ಅಂತಲ್ಲ. ಆಯುಧಪೂಜೆಗೆ ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಸಾಲಾಗಿ ಒರಗಿಸುತ್ತೇವೆ. ಕೊಡಗಿನವರಂತೂ ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆದರೆ ಪೂಜೆ ಮುಗಿದ ಮರುದಿನ ಅದೇ ಕೋವಿ ಜೀಪಿನ ಹಿಂದಿನ ಸೀಟಿನಲ್ಲಿ ಉರುಳಾಡುತ್ತಿರುತ್ತದೆ. ಈಡು ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಮಂಗ ಓಡಿಸಲು ಹೋದವರು ತೋಟಾ ತೆಗೆಯದೆ ತಡಮೆ ದಾಟುತ್ತಾರೆ. ಹಿಂದೆ ಬರುವವನ ಹೊಟ್ಟೆಗೆ ನೇರವಾಗಿ ನಳಿಗೆ ತಿರುಗಿರುತ್ತದೆ. ‘ಹುಷಾರು’ ಅಂದರೆ ‘ನನ್ನ ಕೋವಿ ನನಗೆ ಗೊತ್ತಿಲ್ವಾ’ ಅನ್ನುವ ಉತ್ತರ. ಹಂದಿ ಅಂತ ತಿಳಿದು ಜೊತೆಯವನಿಗೇ ಹೊಡೆದ ಸುದ್ದಿ ಮಲೆನಾಡಿನ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಓದುತ್ತೇವೆ, ‘ಅವನ ಹಣೆಬರಹ’ ಅಂತ ಮಡಚಿ ಇಡುತ್ತೇವೆ.

ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಇಲ್ಲಿ ಪಿಸ್ತೂಲಿನ ಲೈಸೆನ್ಸಿಗೆ ತರಗತಿಗೆ ಹೋದೆ. (ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಗೆಳೆಯರ ಮಾತು ಕೇಳಿ ಕೊಂಡುಬಿಡಬೇಡಿ.) ಗುರಿ ಹೊಡೆಯುವುದನ್ನೇ ಜಾಸ್ತಿ ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ನಮ್ಮ ಮೇಷ್ಟ್ರು ಹೆಚ್ಚು ಹೊತ್ತು ಮಾತಾಡಿದ್ದು ಪಿಸ್ತೂಲು ಮೈಮೇಲೆ ಸುಮ್ಮನೆ ಕೂತಿರುವ ಹೊತ್ತಿನ ಬಗ್ಗೆ. ಯಾಕೆಂದರೆ ಒಯ್ಯುವವನ ಬದುಕಿನ ಬಹುಪಾಲು ಅದೇ ತಾನೆ.

ಸೊಂಟವನ್ನು ಗಡಿಯಾರದ ಹಾಗೆ ಲೆಕ್ಕ ಹಾಕುತ್ತಾರೆ. ಹೊಕ್ಕುಳು 12 ಗಂಟೆ, ಬಲಸೊಂಟ 3, ಬೆನ್ನುಮೂಳೆ 6. ಬಲಗೈಯವರಲ್ಲಿ ತುಂಬಾ ಜನ 3ಕ್ಕೂ 4ಕ್ಕೂ ನಡುವೆ, ಪ್ಯಾಂಟಿನ ಒಳಗೆ ಇಟ್ಟುಕೊಳ್ಳುತ್ತಾರೆ. ನಿಂತಾಗ, ನಡೆಯುವಾಗ ಅದು ಹಿತ. ಸ್ವಲ್ಪ ಮುಂದಕ್ಕೆ ವಾಲಿಸಿದರೆ ಹಿಡಿ ಪಕ್ಕೆಗೆ ಒರಗಿ ಅಂಗಿಯೊಳಗೆ ಮುಚ್ಚಿಹೋಗುತ್ತದೆ. ಆದರೆ ಬಗ್ಗಿ ಏನಾದರೂ ಎತ್ತಿದರೆ ಹಿಡಿ ಅಂಗಿಯನ್ನು ಒತ್ತಿಕೊಂಡು ಎದ್ದು ಕಾಣುತ್ತದೆ. ಕಾರಿನಲ್ಲಿ ಕೂತರೆ ಸೀಟಿಗೂ ಬೆಲ್ಟಿನ ಬಕಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

6 ಗಂಟೆಯ ಜಾಗ, ಅಂದರೆ ಬೆನ್ನಿನ ನಡುವೆ, ನಮ್ಮ ಸಿನಿಮಾ ರೌಡಿಗಳೆಲ್ಲ ಸಿಕ್ಕಿಸಿಕೊಳ್ಳುವ ಜಾಗ. ಅದನ್ನು ಮೇಷ್ಟ್ರು ಖಡಾಖಂಡಿತವಾಗಿ ಬೇಡ ಅಂದರು. ಜಾರಿ ಅಂಗಾತ ಬಿದ್ದರೆ ಗಟ್ಟಿ ಲೋಹದ ತುಂಡು ನೇರ ಬೆನ್ನುಮೂಳೆಯ ಮೇಲೆ. ಹಿಂದಿನಿಂದ ಯಾರು ಕೈ ಹಾಕಿದರೂ ಕಾಣುವುದಿಲ್ಲ. ಕಂಕುಳ ಕೆಳಗೆ ಅಡ್ಡಡ್ಡ ತೂಗುವ ಹೋಲ್ಸ್ಟರಿನಲ್ಲಿ ನಳಿಗೆ ಬೆನ್ನ ಹಿಂದೆ ನಿಂತವರ ಕಡೆ ತಿರುಗಿರುತ್ತದೆ. ಕಣಕಾಲಿನದು ತೆಗೆಯಲು ಕಷ್ಟ, ಬಗ್ಗಬೇಕು.

ಹೊಟ್ಟೆಯ ಮುಂದೆ, 1 ಗಂಟೆಯ ಜಾಗದ ಬಗ್ಗೆ ಇಲ್ಲಿ ಜಗಳವೇ ಇದೆ. ಅದು ಚೆನ್ನಾಗಿ ಮುಚ್ಚುತ್ತದೆ, ಕಣ್ಣೆದುರೇ ಇರುತ್ತದೆ, ಕೈ ಬೇಗ ತಲುಪುತ್ತದೆ. ಆದರೆ ನಳಿಗೆ ತೊಡೆಸಂದಿನ ಕಡೆ ನೋಡುತ್ತಿರುತ್ತದೆ. ತೊಡೆಯ ದೊಡ್ಡ ರಕ್ತನಾಳ ಇರುವುದು ಅಲ್ಲೇ. ಅಲ್ಲಿ ಗುಂಡು ಬಿದ್ದರೆ ಕೆಲವೇ ನಿಮಿಷದಲ್ಲಿ ರಕ್ತ ಹೋಗಿ ಸಾಯಬಹುದು. ಅದಕ್ಕೆ ಅವರು ಹೇಳಿಕೊಟ್ಟ ಉಪಾಯ ಸರಳ. ಪಿಸ್ತೂಲನ್ನು ಮೈಮೇಲಿರುವ ಹೋಲ್ಸ್ಟರಿಗೆ ತೂರಿಸಲೇಬೇಡಿ. ಹೋಲ್ಸ್ಟರನ್ನೇ ಬಿಚ್ಚಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಪಿಸ್ತೂಲು ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸಿ. ಮೈಮೇಲೆ ಇರುವಾಗಲೇ ಹಾಕಬೇಕಾಗಿ ಬಂದರೆ ಅಂಗಿ ಪೂರ್ತಿ ಎತ್ತಿ, ಸೊಂಟ ಮುಂದೆ ಚಾಚಿ, ಕಣ್ಣಿಟ್ಟು, ನಿಧಾನವಾಗಿ. ಪಿಸ್ತೂಲು ವಾಪಸ್ ಹಾಕುವುದಕ್ಕೆ ಅವಸರ ಪಡಬೇಕಾದ ಸಂದರ್ಭವೇ ಇಲ್ಲ.

ಹೋಲ್ಸ್ಟರ್ ಬಗ್ಗೆಯೂ ಅಷ್ಟೇ ಖಂಡಿತ. ಟ್ರಿಗರ್ ಪೂರ್ತಿ ಮುಚ್ಚಬೇಕು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ತಲೆಕೆಳಗು ಮಾಡಿದರೂ ಬೀಳಬಾರದು. ಹಳೇ ಚರ್ಮದ್ದಾದರೆ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿ, ಆ ಮಡಿಕೆಯೇ ಟ್ರಿಗರ್ ಒತ್ತಿಬಿಡಬಹುದು. ಜಾಕೆಟ್ಟಿನ ದಾರದ ಗುಂಡಿ ಸಿಕ್ಕಿಕೊಂಡರೂ ಅದೇ ಗತಿ. ಗ್ಲಾಕ್‌ನಂಥ ಪಿಸ್ತೂಲುಗಳಲ್ಲಿ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಇರುವುದಿಲ್ಲ, ಹೋಲ್ಸ್ಟರೇ ಅದಕ್ಕೆ ದೊಡ್ಡ ರಕ್ಷೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಜನ ಆರಿಸುವುದು ಅದಕ್ಕೇ. ಬೆಲ್ಟೂ ಗಟ್ಟಿ ಇರಬೇಕು. ಸಾದಾ ಬೆಲ್ಟು ಭಾರಕ್ಕೆ ಜೋತುಬಿದ್ದರೆ ಜನ ದಿನವಿಡೀ ಮುಟ್ಟಿ ಮುಟ್ಟಿ ಸರಿಮಾಡಿಕೊಳ್ಳುತ್ತಾರೆ. ಆ ಮುಟ್ಟಾಟದಲ್ಲೇ ಅಪಾಯ ಹುಟ್ಟುವುದು. ಮೈಗೆ ಹಿತವಾಗಿದ್ದರೆ ಕೈ ಅದರ ಕಡೆ ಹೋಗುವುದೇ ಇಲ್ಲ.

ಇದೆಲ್ಲ ಅತಿಯಾಯ್ತು ಅನ್ನುವವರಿಗೆ ಮೇಷ್ಟ್ರು ಎರಡು ಘಟನೆ ಹೇಳಿದರು. ನ್ಯೂಯಾರ್ಕ್ ಜೈಂಟ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೋ ಬರೆಸ್ 2008ರಲ್ಲಿ ಹೋಲ್ಸ್ಟರ್ ಇಲ್ಲದೆ ಪಿಸ್ತೂಲನ್ನು ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ನೈಟ್‌ಕ್ಲಬ್ಬಿಗೆ ಹೋಗಿದ್ದ. ಅದು ಕಾಲೊಳಗೆ ಜಾರಿತು, ಗುಂಡು ತೊಡೆಗೆ ಹೊಕ್ಕಿತು. ಆ ವರ್ಷದ ಶುರುವಿನಲ್ಲಿ ಆ ಆಟದ ಫೈನಲ್ಲಾದ ಸೂಪರ್ ಬೌಲ್ ಗೆಲ್ಲಿಸಿದ ಚೆಂಡು ಹಿಡಿದವನಿಗೆ ಮರುವರ್ಷ ಎರಡು ವರ್ಷದ ಶಿಕ್ಷೆಯಾಯಿತು. ಇನ್ನೊಂದು ಕೇಳಿದರೆ ಹೊಟ್ಟೆ ಕಿವುಚುತ್ತದೆ. 2014ರ ಡಿಸೆಂಬರಿನಲ್ಲಿ ಐಡಹೋ ರಾಜ್ಯದ ಅಂಗಡಿಯೊಂದರಲ್ಲಿ ತಾಯಿಯೊಬ್ಬಳ ಕೈಚೀಲದಿಂದ ಎರಡು ವರ್ಷದ ಮಗ ಪಿಸ್ತೂಲು ತೆಗೆದ, ಗುಂಡು ಹಾರಿ ತಾಯಿ ಸತ್ತಳು. ಪಿಸ್ತೂಲಿಗಾಗಿಯೇ ಜಿಪ್ಪಿನ ಖಾನೆ ಮಾಡಿದ್ದ ಚೀಲ ಅದು. ಚೀಲ ಎಷ್ಟೇ ಒಳ್ಳೆಯದಿರಲಿ, ಮೈಯಿಂದ ದೂರ ಹೋದ ಪಿಸ್ತೂಲು ನಮ್ಮ ಹಿಡಿತದಲ್ಲಿ ಇಲ್ಲ.

ಇಷ್ಟು ಹೇಳಿದ ಮೇಲೂ ಚಿಕ್ಕಪ್ಪ ಒಪ್ಪಲಿಲ್ಲ. ‘ನಮ್ಮ ಕೋವಿ ಎಲ್ಲರಿಗೂ ಕಾಣೋ ಹಾಗೆ ಗೋಡೆ ಮೇಲಿರ್ತದೆ. ತೋಟಾ ಪೆಟ್ಟಿಗೇಲಿ, ಬೀಗ ನಿಮ್ಮ ಚಿಕ್ಕಮ್ಮನ ಹತ್ರ. ಕೋವಿ ಹೆಗಲಿಗೆ ಹಾಕ್ಕೊಂಡು ಸಂತೆಗೆ ಹೋಗಿದ್ದು ನೀನು ನೋಡಿದೀಯಾ? ನೀನು ತುಂಬಿದ್ದನ್ನ ಕಟ್ಕೊಂಡು ಹಾಲು ತರಕ್ಕೆ ಹೋಗ್ತೀಯ. ಯಾರಿಗೆ ಹೆದರಿ?’ ಅಂದರು.

ನಮ್ಮ ಬೀದಿಯಲ್ಲಿ ರಾತ್ರಿ ಕಾರಿನ ಗಾಜು ಒಡೆದದ್ದು, ಪೆಟ್ರೋಲ್ ಬಂಕಿನಲ್ಲಿ ಒಬ್ಬರಿಗೆ ಗನ್ ತೋರಿಸಿ ಪರ್ಸ್ ಕಿತ್ತದ್ದು ಹೇಳಿದೆ. ಅವರು ತಲೆ ಆಡಿಸಿದರು, ಆದರೆ ಅದು ಒಪ್ಪಿದ ತಲೆಯಾಟ ಅಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ತರಬೇಕು ಅಂತ ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಗೊಣಗುವವರು ಅವರೇ. ಲೈಸೆನ್ಸ್ ನವೀಕರಣಕ್ಕೆ ಅಲೆದು ಅಲೆದು ಬೈಯುವವರೂ ಅವರೇ. ಆದರೂ ಆ ಅಲೆದಾಟದಿಂದಲೇ ಯಾರ ಮನೆಯಲ್ಲಿ ಯಾವ ಕೋವಿ ಇದೆ ಅನ್ನುವುದು ಊರಿಗೂ ಠಾಣೆಗೂ ಗೊತ್ತಿರುತ್ತದೆ. ಇದನ್ನು ನಾನು ಅಲ್ಲಗಳೆಯಲಾರೆ.

ಒಪ್ಪಲು ಇಷ್ಟವಿಲ್ಲದಿದ್ದರೂ ಇನ್ನೊಂದು ಮಾತು ಒಪ್ಪಬೇಕು. ನಾನು ಇಷ್ಟು ಹೊಗಳಿದ ಆ ಪಾಠ ಇಲ್ಲಿ ಈಗ ಕಡ್ಡಾಯವೇ ಅಲ್ಲ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ತುಂಬಿದ, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆ ಪಿಸ್ತೂಲು ಒಯ್ಯಬಹುದು. ತರಗತಿ ಬೇಡ, ಪರೀಕ್ಷೆ ಬೇಡ. ಚಿಕ್ಕಪ್ಪನ ಜೊತೆ ಹೋದ ದಿನವೇ ಒಬ್ಬ ಹುಡುಗ ಪಿಸ್ತೂಲಿನ ಜೊತೆಗೆ ಎಲ್ಲಕ್ಕಿಂತ ಅಗ್ಗದ ಬಟ್ಟೆಯ ಹೋಲ್ಸ್ಟರ್ ತೆಗೆದುಕೊಂಡು ಹೋದ. ಮೆತ್ತಗಿನದು, ಬಾಯಿ ಮುಚ್ಚಿಕೊಳ್ಳುವಂಥದು. ಅಂಗಡಿಯವನು ಗಟ್ಟಿಯದೊಂದನ್ನು ತೋರಿಸಲು ಹೋದ, ಹುಡುಗ ಬೇಡ ಅಂದ, ಮಾತು ಅಲ್ಲಿಗೆ ಮುಗಿಯಿತು. ಇಲ್ಲಿರುವ ನಮ್ಮ ಹುಡುಗರು ಕೊಳ್ಳುವುದೇ ಆದರೆ, ಕಾನೂನು ಕೇಳದಿದ್ದರೂ ಒಂದು ದಿನ ಕೊಟ್ಟು ತರಗತಿಗೆ ಹೋಗಿ. ಮನೆಯಲ್ಲಿ ಮಕ್ಕಳಿದ್ದರೆ ಮೊದಲು ಬೀಗದ ಪೆಟ್ಟಿಗೆ ತನ್ನಿ, ಆಮೇಲೆ ಪಿಸ್ತೂಲು.