ಐಬಿಎಸ್‌ಗೆ ವಿಟಮಿನ್ ಡಿ: ನನಗಿನ್ನೂ ನಂಬಿಕೆ ಬಂದಿಲ್ಲ

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಹೊಟ್ಟೆನೋವು, ಮಲ ವಿಸರ್ಜನೆಯ ಏರುಪೇರು ಮತ್ತೆ ಮತ್ತೆ ಕಾಡುವ ಕಾಯಿಲೆ) ಇರೋರಿಗೆ "ವಿಟಮಿನ್ ಡಿ ತಗೊಂಡು ನೋಡಿ" ಅನ್ನೋರಿಗೆ ಈಗ ಬರವಿಲ್ಲ. ಬ್ಲಡ್ ರಿಪೋರ್ಟಲ್ಲಿ ಡಿ ಕಡಿಮೆ ಅಂತ ಬಂತೋ ಮುಗೀತು. ಹೊಟ್ಟೆ ಉಬ್ಬರ, ನುಲಿತ, ಊಟ ಆದ ಕೂಡಲೇ ಟಾಯ್ಲೆಟ್ಟಿಗೆ ಓಡೋದು, ಎಲ್ಲಕ್ಕೂ ಕಳ್ಳ ಸಿಕ್ಕಿಬಿದ್ದ ಅಂತ ಖುಷಿ.

ಇಂಗ್ಲೆಂಡಿನ ಶೆಫೀಲ್ಡ್ ಯೂನಿವರ್ಸಿಟಿಯವರಿಗೂ ಮೊದಲು ಹಾಗೇ ಆಸೆ ಹುಟ್ಟಿತ್ತು. ವರ್ಷಗಟ್ಟಲೆ ನರಳಿದ ಮಹಿಳೆಯೊಬ್ಬರು ಡಿ ತಗೊಂಡು ಸುಧಾರಿಸಿದ್ದನ್ನು 2012ರಲ್ಲಿ ವರದಿ ಮಾಡಿದರು. ಜೊತೆಗೆ ಸೋಷಿಯಲ್ ಮೀಡಿಯಾದಲ್ಲಿ ಅನುಭವ ಬರೆದಿದ್ದ 37 ಜನರ ಮಾತನ್ನೂ ಜಾಲಾಡಿದರು. ಸುಮಾರು 70% ಮಂದಿ ಗುಣ ಕಂಡಿದೆ ಅಂದಿದ್ದರು. (ಗುಣ ಕಾಣದವರು ಪೋಸ್ಟ್ ಹಾಕೋ ಗೋಜಿಗೆ ಹೋಗ್ತಾರಾ?)

ನನಗೆ ಹಿಡಿಸಿದ್ದು ಅವರು ಅಷ್ಟಕ್ಕೇ ಡಂಗುರ ಸಾರದೆ ಪರೀಕ್ಷೆ ಮುಂದುವರಿಸಿದ್ದು. 2022ರಲ್ಲಿ 135 ಜನರ ಪ್ರಯೋಗದ ಫಲಿತಾಂಶ ಬಂತು. 12 ವಾರ, ಕೆಲವರ ಬಾಯಿಗೆ ದಿನಕ್ಕೆ 3000 ಐಯು (ವಿಟಮಿನ್ ಅಳೆಯೋ ಯೂನಿಟ್) ಡಿ ಸ್ಪ್ರೇ, ಉಳಿದವರಿಗೆ ಡಿ ಇಲ್ಲದ ಸ್ಪ್ರೇ. ಡಿ ಸಿಕ್ಕವರ ರಕ್ತದಲ್ಲಿ ಮಟ್ಟ ಚೆನ್ನಾಗಿಯೇ ಏರಿತು. ಹೊಟ್ಟೆಯ ವಿಷಯಕ್ಕೆ ಬಂದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ!

ಇರಾನ್, ಈಜಿಪ್ಟಿನ ಪ್ರಯೋಗಗಳಲ್ಲಿ ಉಪಯೋಗ ಕಂಡಿದೆ, ನಿಜ. ಇರಾನಿನದರಲ್ಲಿ 90 ಜನ, ಹದಿನೈದು ದಿನಕ್ಕೊಮ್ಮೆ 50,000 ಐಯು, ಆರು ತಿಂಗಳು. ಅವಧಿ ಜಾಸ್ತಿ ಇದ್ದಿದ್ದಕ್ಕೇ ಫಲ ಸಿಕ್ಕಿರಲೂಬಹುದು. ಆದರೆ ಐಬಿಎಸ್ ಅನ್ನೋದು ಖಾಲಿ ಮಾತ್ರೆಗೂ ಮೂವರಲ್ಲಿ ಒಬ್ಬರಿಗೆ ಶಮನ ಕಾಣುವ ಕಾಯಿಲೆ. ಇಂಥಲ್ಲಿ ಸಣ್ಣ ಪ್ರಯೋಗದ ಗೆಲುವನ್ನು ನಾನು ಅನುಮಾನದಿಂದಲೇ ನೋಡೋದು.

ಇನ್ನು ಐಬಿಎಸ್ ಇದ್ದವರಲ್ಲಿ ಡಿ ಕಡಿಮೆ ಅನ್ನೋ ವಾದ. ಹೊಟ್ಟೆ ಯಾವಾಗ ಕೈಕೊಡುತ್ತೋ ಅಂತ ಮನೆ ಬಿಟ್ಟು ಹೊರಡದವರ ಮೈಮೇಲೆ ಬಿಸಿಲು ಎಲ್ಲಿಂದ ಬೀಳಬೇಕು? ಯಾವುದರಿಂದ ಯಾವುದು ಬಂತು ಅಂತ ಆ ರಿಪೋರ್ಟ್ ಹೇಳಲ್ಲ.

ಡಿ ನಿಜಕ್ಕೂ ಕಡಿಮೆ ಇದ್ದರೆ ತಗೊಳ್ಳಿ, ಮೂಳೆಗೆ ಬೇಕು. ನನ್ನ ತಕರಾರು ವಾರಕ್ಕೊಂದು ಅಂತ ಬರೆದುಕೊಟ್ಟ 60,000 ಐಯು ಸ್ಯಾಶೆಯನ್ನು ಕೋರ್ಸ್ ಮುಗಿದರೂ ಮೆಡಿಕಲ್ ಶಾಪಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗೋರ ಬಗ್ಗೆ. ಡಿ ವಿಪರೀತವಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ಆಗ ವಾಕರಿಕೆ, ಮಲಬದ್ಧತೆ, ಹೊಟ್ಟೆನೋವು, ಕಿಡ್ನಿಗೂ ಪೆಟ್ಟು. ಅದನ್ನೂ ಐಬಿಎಸ್ಸೇ ಜಾಸ್ತಿಯಾಯ್ತು ಅಂದುಕೊಂಡು ಇನ್ನೊಂದು ಸ್ಯಾಶೆ ಕತ್ತರಿಸೋರೂ ಇರಬಹುದು.

ಹೊಟ್ಟೆಗೇ ಏನಾದರೂ ತಗೊಳ್ಳಬೇಕು ಅಂದರೆ ಇಸಬ್‌ಗೋಲ್ ಬಗ್ಗೆ ಡಾಕ್ಟರನ್ನು ಕೇಳಿ. ಅದರ ಪರವಾಗಿ ಇದಕ್ಕಿಂತ ಗಟ್ಟಿ ಪುರಾವೆ ಇದೆ, ಬೆಲೆಯೂ ಕಡಿಮೆ.