ನಮ್ಮ ಹೊಲದಲ್ಲಿ ಬೋರು ಹಾಕಿಸೋಕೆ ಸರ್ಕಾರದ ಅಪ್ಪಣೆ ಬೇಕೇ?

ಪರ: ಬಂಡೆಗೆ ಸರ್ವೆ ನಂಬರು ಗೊತ್ತಿಲ್ಲ

ಶಿಡ್ಲಘಟ್ಟದ ಕಡೆ ನಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ನಡುವೆ ಇರುವುದು ಒಂದು ಬದು, ಅದರ ಮೇಲೆ ಎರಡು ಹೊಂಗೆ ಮರ. ನಮ್ಮದು 900 ಅಡಿಯ ಬೋರು. ಎರಡು ಇಂಚು ನೀರು ಬರುತ್ತಿತ್ತು, ಎಂಟು ವರ್ಷ ಹಿಪ್ಪುನೇರಳೆ ಸೊಪ್ಪಿಗೆ ಕೊರತೆ ಆಗಲಿಲ್ಲ. ಪಕ್ಕದವರು ಬದುವಿಗೆ ಒತ್ತಿಕೊಂಡೇ 1,300 ಅಡಿ ಕೊರೆಸಿದರು. ನೀರು ಬಿತ್ತು. ಬೀದಿಗೆಲ್ಲ ಸಿಹಿ ಹಂಚಿದರು, ನಮ್ಮ ಮನೆಗೂ ಕೊಟ್ಟರು, ನಾವೂ ತಿಂದೆವು. ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಪೈಪಿನಲ್ಲಿ ಗಾಳಿ ಬರತೊಡಗಿತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಹಳೆಯ ಕಾನೂನು ಅವರ ಪರವೇ ಇದೆ. ನಿರ್ದಿಷ್ಟ ಹಾದಿಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಗಡಿಯೊಳಗೆ ಎತ್ತಿಕೊಳ್ಳುವ ಹಕ್ಕು ಜಮೀನಿನ ಮಾಲೀಕನದು ಎನ್ನುತ್ತದೆ 1882ರ ಈಸ್‌ಮೆಂಟ್ ಕಾಯ್ದೆ. ಆಗ ನೀರೆತ್ತುತ್ತಿದ್ದುದು ಕಪಿಲೆಯ ಎತ್ತು. ಎತ್ತಿಗೆ ಸುಸ್ತಾಗುತ್ತಿತ್ತು, ಸಂಜೆಗೆ ಕೊರಳು ಬಿಚ್ಚಿದರೆ ಬಾವಿ ರಾತ್ರಿಯೆಲ್ಲ ಊರಿಕೊಳ್ಳುತ್ತಿತ್ತು. ಮೋಟರಿಗೆ ಆ ದಣಿವಿಲ್ಲ, ಕರೆಂಟು ಹೋದಾಗಷ್ಟೇ ಅದಕ್ಕೆ ಬಿಡುವು.

ನಮ್ಮದು ಗಟ್ಟಿ ಕಲ್ಲಿನ ಸೀಮೆ. ಮೇಲೆ ಮಣ್ಣು, ಅದರಡಿ ಶಿಥಿಲವಾದ ಕಲ್ಲು, ಕೆಳಗೆ ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಬಂಡೆ. ತೆರೆದ ಬಾವಿಗಳಿಗೆ ನೀರು ಬರುತ್ತಿದ್ದುದು ಆ ಶಿಥಿಲ ಪದರದಿಂದ. ಅದು ಒಣಗಿದ ಮೇಲೆ ನಾವು ಹುಡುಕುತ್ತಿರುವುದು ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ನೀರನ್ನು. ಬಿರುಕು ಎಲ್ಲಿ ಹುಟ್ಟಿ ಯಾರ ಹೊಲದಡಿ ಹಾಯುತ್ತದೋ ಪಹಣಿಯಲ್ಲಿ ಬರೆದಿರುವುದಿಲ್ಲ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು, ಬಂಡೆಗೆ ಅದೂ ಗೊತ್ತಿಲ್ಲ. ಒಬ್ಬರು ಆಳಕ್ಕೆ ಹೋದರೆ ಪಕ್ಕದವರು ಇನ್ನೂ ಆಳಕ್ಕೆ ಹೋಗಬೇಕು. ಆಳಕ್ಕೆ ಹೋದ ಹಾಗೆ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಕೈಗೆ ಬರುತ್ತದೆ. ಹಲ್ಲು ಹಳದಿಗಟ್ಟಿದ ಮಕ್ಕಳನ್ನು ನೋಡಲು ನಾವು ದೂರ ಹೋಗಬೇಕಿಲ್ಲ.

ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಬಾರದು ಎಂದು 1999ರ ಕಾಯ್ದೆ ಹೇಳುತ್ತದೆ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿಗೆ ಅಪ್ಪಣೆ ಬೇಕು, ಇರುವುದನ್ನು ನೋಂದಾಯಿಸಬೇಕು, ಕೊರೆಯುವ ಲಾರಿಯೂ ನೋಂದಣಿಯಾಗಿರಬೇಕು. ಮಳೆ ಇಂಗಿಸುವುದಕ್ಕಿಂತ ಹೆಚ್ಚು ನೀರೆತ್ತುವ 'ಅತಿಬಳಕೆ'ಯ ಪಟ್ಟಿಯಲ್ಲಿ ಈ ಎರಡೂ ಜಿಲ್ಲೆಗಳ ತಾಲ್ಲೂಕುಗಳು ವರ್ಷಗಳಿಂದ ಇವೆ. ಇಂಥ ಕಡೆ ಅಪ್ಪಣೆ ಬೇಡವೆಂದರೆ ಇನ್ನೆಲ್ಲಿ ಬೇಕು?

ಇನ್ನೊಂದು ಮಾತು, ಇದನ್ನು ನಮ್ಮವರು ಕೇಳಿಸಿಕೊಳ್ಳುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ನೀರು ಬಂದಿದೆ. ಆ ನೀರಿನ ಗುಣದ ಬಗ್ಗೆ ತಕರಾರು ಇದ್ದೇ ಇದೆ, ಅದು ಬೇರೆ ಜಗಳ. ಆದರೆ ಅದನ್ನು ತಂದದ್ದೇ ಅಂತರ್ಜಲ ಮರುಪೂರಣಕ್ಕೆ. ಕೆರೆ ತುಂಬಿದ ಮೇಲೆ ಆಸುಪಾಸಿನ ಸತ್ತ ಬೋರುಗಳಿಗೆ ಜೀವ ಬಂತು. ತೆರಿಗೆ ದುಡ್ಡಿನಲ್ಲಿ ಪಂಪ್ ಮಾಡಿ ತಂದ ನೀರು ನೆಲಕ್ಕೆ ಇಂಗಿದ ತಕ್ಷಣ 'ನನ್ನ ಹೊಲದ ನೀರು' ಆಗುವುದು ಹೇಗೆ?

ತೆರೆದ ಬೋರಿನ ಮಾತು ಬೇರೆ ಹೇಳಬೇಕಿಲ್ಲ. ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಕೈಬಿಟ್ಟ ಬಾವಿಯನ್ನು ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಮಗು ಬದುಕಿ ಬಂತು, ಎಲ್ಲ ಮಕ್ಕಳೂ ಬರುವುದಿಲ್ಲ. ಎಲ್ಲಿ ಕೊರೆದರು ಎಂಬುದೇ ಯಾವ ಕಡತದಲ್ಲೂ ಇಲ್ಲದಿದ್ದರೆ ಮುಚ್ಚಿಸುವವರು ಯಾರು?

ಪಕ್ಕದವರು ಅರ್ಜಿ ಹಾಕಿದ್ದರೆ ಯಾರಾದರೂ ಬಂದು ಬದುವಿನ ಮೇಲೆ ನಿಂತು, ಆಚೆ ಬೋರು ಇದೆಯೇ, ಎಷ್ಟು ದೂರ ಎಂದು ಕೇಳುತ್ತಿದ್ದರು. ನಾನು ಕೇಳುತ್ತಿರುವುದು ಅಷ್ಟೇ.

ವಿರೋಧ: ತೂತಿಗೆ ಅಪ್ಪಣೆ, ನೀರಿಗೆ ಲಗಾಮಿಲ್ಲ

ಬಿರುಕಿನ ವಿಷಯದಲ್ಲಿ ಮೇಲೆ ಬರೆದವರು ಹೇಳಿದ್ದು ನಿಜ. ಚಿಂತಾಮಣಿ ಕಡೆಯ ನಮಗೂ ಅದೇ ಬಂಡೆ, ಅದೇ ಗಾಳಿ. ಆದರೆ ಅವರ ಬೋರು ಒಣಗಿದ್ದು ಪಕ್ಕದಲ್ಲಿ ತೂತು ಬಿದ್ದಿದ್ದರಿಂದಲ್ಲ, ಆ ತೂತಿನಿಂದ ಹಗಲೂ ರಾತ್ರಿ ನೀರು ಎತ್ತಿದ್ದರಿಂದ. ಅಪ್ಪಣೆ ಚೀಟಿ ಕೊರೆಯುವ ಒಂದು ರಾತ್ರಿಯನ್ನು ನೋಡುತ್ತದೆ, ಆಮೇಲಿನ ಹತ್ತು ವರ್ಷ ಯಾರು ನೋಡುತ್ತಾರೆ? 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಕರೆಂಟು ಬಂದಾಗ ತಾನೇ ಓಡಲಿ ಅಂತ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ಹೌದು, ನಾನೂ ಹಾಕಿದ್ದೇನೆ.

500 ಮೀಟರಿನ ಲೆಕ್ಕವನ್ನು ಒಮ್ಮೆ ನೆಲದ ಮೇಲೆ ಹಾಕಿ ನೋಡಿ. ಪಂಚಾಯ್ತಿಯ ಒಂದು ಕುಡಿಯುವ ನೀರಿನ ಬೋರಿನ ಸುತ್ತ ಸುಮಾರು 194 ಎಕರೆ ಬರುತ್ತದೆ. ನಮ್ಮಂಥ ಊರಿನಲ್ಲಿ ಅಂಥವು ನಾಲ್ಕಿದ್ದರೆ ಒಂದೂವರೆ ಎಕರೆಯವನಿಗೆ ಆ ವೃತ್ತದ ಹೊರಗೆ ಹೊಲ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷದ ಹಿಂದೆ ಮೂರು ಬೋರು ಹಾಕಿಸಿಕೊಂಡ ದೊಡ್ಡ ತೋಟದವರು ಆ ವೃತ್ತದೊಳಗೇ ನೀರೆತ್ತುತ್ತಾ ಇರುತ್ತಾರೆ. ಕಡೆಯಲ್ಲಿ ಬಂದವನಿಗೆ ಮಾತ್ರ ಬಾಗಿಲು ಹಾಕಿದ ಹಾಗಾಗುತ್ತದೆ. ಬೆಂಗಳೂರಿನ ಅಂಚಿನ ಲೇಔಟುಗಳಿಗೆ ಟ್ಯಾಂಕರ್ ತುಂಬುವವರನ್ನು ಬಿಟ್ಟು ರಾಗಿ, ಟೊಮೆಟೊ ಬೆಳೆಯುವವನ ಪಹಣಿ ಕೇಳುವುದು ಯಾವ ನ್ಯಾಯವೋ. ಕೇಂದ್ರದ 2020ರ ಅಂತರ್ಜಲ ಮಾರ್ಗಸೂಚಿಯೇ ಕೃಷಿಗೆ ನಿರಾಕ್ಷೇಪಣಾ ಪತ್ರ ಬೇಡ ಎಂದಿತು. ಕರ್ನಾಟಕಕ್ಕೆ ಸ್ವಂತ ಪ್ರಾಧಿಕಾರ ಇರುವುದರಿಂದ ನಮ್ಮ ಲೆಕ್ಕ ಬೇರೆ, ಗೊತ್ತು. ಆದರೂ ಅಲ್ಲಿಯವರಿಗೆ ಹೊಳೆದದ್ದು ಇಲ್ಲಿಯವರಿಗೆ ಹೊಳೆಯಬಾರದೇ?

ನನ್ನ ತಮ್ಮ ಕಾನೂನಿನಂತೆಯೇ ನಡೆಯೋಣ ಅಂದ. ಟೊಮೆಟೊ ಹೂ ಕಚ್ಚುವ ಹೊತ್ತಿಗೆ ಹಳೇ ಬೋರು ಕೈಕೊಟ್ಟಿತ್ತು. ಪಹಣಿ, ನಕ್ಷೆ, ಆಧಾರ್ ಎಲ್ಲ ಜೋಡಿಸಿ ಅರ್ಜಿ ಕೊಟ್ಟ. ಇಲ್ಲಿ ಅಲ್ಲ, ಜಿಲ್ಲಾ ಕಚೇರಿಗೆ ಹೋಗಿ ಅಂದರು. ಅಲ್ಲಿ ಭೂವಿಜ್ಞಾನಿ ಸ್ಥಳ ನೋಡಬೇಕು ಅಂದರು. ಜಿಲ್ಲಾಧಿಕಾರಿಗಳ ಸಮಿತಿ ಸೇರಬೇಕು, ಸೇರುವ ದಿನ ಗೊತ್ತಿಲ್ಲ ಅಂದರು. ನಾಲ್ಕನೇ ಸಲ ಹೋದಾಗ, 'ಕಡತ ಮೇಲೆ ಹೋಗಿದೆ' ಅಂತ ಕೈ ಮೇಲೆತ್ತಿ ತೋರಿಸಿದರಂತೆ, ಸೂರಿನ ಕಡೆಗೆ. ಟೊಮೆಟೊ ಗಿಡಕ್ಕೆ ಕಡತದ ಭಾಷೆ ಬರುವುದಿಲ್ಲ, ನಾಲ್ಕು ದಿನ ನೀರು ತಪ್ಪಿದರೆ ಹೂ ಉದುರಿಸಿಬಿಡುತ್ತದೆ.

ಅದೇ ತಿಂಗಳು ನಮ್ಮ ಊರಿನ ಸುತ್ತ ಐದು ಬೋರು ಬಿದ್ದವು, ಎಲ್ಲವೂ ರಾತ್ರಿ. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಬೋರು ಕೊರೆಯುವ ಲಾರಿ ಕತ್ತಲಾದ ಮೇಲೆ ಬರುತ್ತದೆ. ನೀರಿನ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸಂಜೆಯೇ ಗುರುತು ಹಾಕಿರುತ್ತಾರೆ. ಅನುಮತಿ ಇದ್ದರೆ ಅಡಿಗೆ ಒಂದು ದರ, ಇಲ್ಲದಿದ್ದರೆ ಇನ್ನೊಂದು. ಬೆಳಗಾಗುವಷ್ಟರಲ್ಲಿ ಹೊಲದ ತುಂಬ ಬೂದಿಯಂಥ ಕಲ್ಲಿನ ಧೂಳು, ಲಾರಿ ಹೊಸಕೋಟೆ ದಾಟಿರುತ್ತದೆ. ಕಾಯ್ದೆ ಬೋರನ್ನು ನಿಲ್ಲಿಸಲಿಲ್ಲ, ದರ ಏರಿಸಿತು. ಏರಿದ ದರ ಕೊಡಲಾಗದವನು ಮಾತ್ರ ನಿಂತ. ಬೋರು ಫೇಲ್ ಆದರೆ ಬಡ್ಡಿ ಸಾಲ ಯಾರ ತಲೆ ಮೇಲೆ ಬರುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಬಿಡಿಸಿ ಬರೆಯಲು ಮನಸ್ಸಿಲ್ಲ.

ಕೆ.ಸಿ. ವ್ಯಾಲಿ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಅವರ ಆ ಪ್ರಶ್ನೆ ಗಟ್ಟಿಯಾಗಿದೆ. ಆದರೆ ಎಲ್ಲರ ದುಡ್ಡಿನ ನೀರು ಅಂದ ಮೇಲೆ ಎಲ್ಲರ ಮೋಟರಿಗೂ ಲೆಕ್ಕ ಬರಲಿ: ಹಳೇ ಬೋರಿಗೂ ಹೊಸ ಬೋರಿಗೂ, ತೋಟದ ಧಣಿಗೂ ಟ್ಯಾಂಕರಿನವನಿಗೂ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದ ಮೇಲೂ ಒಂದೇ ಬೋರಿನ ನೀರನ್ನು ಸರದಿ ಹಾಕಿಕೊಂಡು ಬಿಡುವುದಿದೆ, ನಿನಗೆ ಮಂಗಳವಾರ ನನಗೆ ಬುಧವಾರ ಅಂತ. ಒಂದು ಕೆರೆಯ ಅಚ್ಚುಕಟ್ಟಿನವರು ಕೂತು ಹಾಗೆ ಸರದಿ ಹಾಕಿಕೊಂಡರೆ ನಾನು ಮೊದಲು ಸಹಿ ಹಾಕುತ್ತೇನೆ. ಲಾರಿಗೆ ನೋಂದಣಿ ಇರಲಿ, ನೀರು ಬೀಳದ ಬೋರಿನ ಬಾಯಿ ಮುಚ್ಚದೆ ಲಾರಿ ಹೊಲ ಬಿಟ್ಟು ಹೋಗದಿರಲಿ. ಮಗುವಿನ ಜೀವ ಉಳಿಸಲು ಅಷ್ಟು ಸಾಕು, ಅದಕ್ಕೆ ನನ್ನ ತಮ್ಮನ ಅರ್ಜಿ ಬೇಕಿಲ್ಲ.

ಆ ಅರ್ಜಿ ಇನ್ನೂ ಮೇಲೆಯೇ ಇದೆ. ತಮ್ಮ ಟೊಮೆಟೊಗೆ ನೆಟ್ಟಿದ್ದ ನೀಲಗಿರಿ ಕಡ್ಡಿಗಳನ್ನು ಕಿತ್ತು, ಕಟ್ಟು ಕಟ್ಟಿ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದಾನೆ. ಹೊಲದಲ್ಲಿ ಈ ಸಲ ರಾಗಿ ಹಾಕಿದ್ದೇವೆ.